ತೇಪೆಯೂ ಜರಿ ಅಂಚೂ

ನಾಸಿಕ್ ರೋಡ್‌ನ ಕರೆನ್ಸಿ ನೋಟ್ ಪ್ರೆಸ್ 1928ರಿಂದ ನೋಟು ಮುದ್ರಿಸುತ್ತಿದೆ. ಖೋಟಾನೋಟಿನವರು ಹಳೆಯ ಗುರುತುಗಳನ್ನು ಕಲಿತುಬಿಡುವುದರಿಂದ ನೋಟಿಗೂ ಆಗಾಗ ಹೊಸ ಭದ್ರತೆ ಬೇಕಾಗುತ್ತದೆ. 2005ರಲ್ಲಿ ಅಂಥ ಗುರುತುಗಳು ಹೆಚ್ಚಾದವು, ಹಿಂಬದಿಯಲ್ಲಿ ಇಸವಿಯೂ ಬಂತು. 2014ರ ಜನವರಿ 22ರಂದು ರಿಸರ್ವ್ ಬ್ಯಾಂಕ್ ಅದಕ್ಕೂ ಹಿಂದಿನ ನೋಟುಗಳನ್ನು ವಾಪಸು ಪಡೆಯುವುದಾಗಿ ಪ್ರಕಟಿಸಿತು. ಇಸವಿ ಇಲ್ಲದ್ದು ಹಳೆಯದು; ಗುರುತಿಸುವುದೇನೋ ಸುಲಭ. ಆದರೆ ನೋಟು ರದ್ದಾಗುತ್ತದೆಯೇ ಎಂಬ ಗೊಂದಲ ಹಬ್ಬಿತು. ನೋಟು ಚಲಾವಣೆಯಲ್ಲೇ ಇರುತ್ತದೆ, ಭದ್ರತಾ ಗುರುತು ಕಡಿಮೆಯಿರುವುದೇ ಕಾರಣ ಎಂದು ಬ್ಯಾಂಕು ಕೆಲವೇ ದಿನಗಳಲ್ಲಿ ಮತ್ತೆ ಹೇಳಬೇಕಾಯಿತು. ಗಡುವು ಹಲವು ಬಾರಿ ಮುಂದಕ್ಕೆ ಹೋಯಿತು.

ಕಂಪ್ಯೂಟರಿನ ಸೂಚನೆಗಳ ಚರಿತ್ರೆಯೂ ಹೀಗೆಯೇ, ಇನ್ನಷ್ಟು ಗೋಜಲು. ಇಂಗ್ಲಿಷಿನ ‘ಪ್ಯಾಚ್’ ಅಂದರೆ ತೇಪೆ, ಹರಿದಲ್ಲಿ ಹಾಕುವುದು. ‘ಅಪ್‌ಡೇಟ್’ ಎಂಬ ಮಾತು ಮಾತ್ರ ತೇಪೆಯನ್ನೂ ಹೊಸ ಜರಿ ಅಂಚನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತದೆ. ತೊಂದರೆಯೆಲ್ಲ ಆ ಗಂಟಿನದು.

2003ರ ಜುಲೈಯಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ತೂತಿಗೆ ತೇಪೆ ಕೊಟ್ಟಿತು. ತಿಂಗಳು ಕಳೆಯುವುದರೊಳಗೆ ಅದೇ ತೂತಿನಿಂದ ಬ್ಲಾಸ್ಟರ್ ಹುಳು ನುಗ್ಗಿತು: ತೇಪೆ ಇತ್ತು, ಹಾಕಿಕೊಂಡವರು ಸಾಲದಾಗಿದ್ದರು. ಆ ಅಕ್ಟೋಬರಿನಿಂದ ತಿಂಗಳ ಎರಡನೇ ಮಂಗಳವಾರ ತೇಪೆ ಬಿಡುವ ಪದ್ಧತಿ ಬಂತು. 2004ರ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2 ಮೂಲೆಯಲ್ಲಿ ಕೆಂಪು ಗುರಾಣಿ ತೋರಿಸಿ, ತಾನಾಗಿ ಅಪ್‌ಡೇಟ್ ಆಗುವಂತೆ ಒತ್ತಾಯಿಸಿತು. ಒಳ್ಳೆಯ ಕೆಲಸ.

ಹಾಗೆ ಗಳಿಸಿದ ನಂಬಿಕೆಯನ್ನು ಕಂಪನಿಯೇ ಹಾಳುಮಾಡಿಕೊಂಡಿತು. 2016ರಲ್ಲಿ ವಿಂಡೋಸ್ 10 ಹಾಕಿಸುವ ಪ್ರಚಾರ ಇದೇ ದಾರಿಯಲ್ಲಿ ಬಂತು. ಒಂದು ಹಂತದಲ್ಲಿ ಪೆಟ್ಟಿಗೆಯ ಮೂಲೆಯ ಕೆಂಪು ಗುಣಾಕಾರ ಚಿಹ್ನೆ ಒತ್ತಿದರೂ ನಿಗದಿಯಾದ ಬದಲಾವಣೆ ನಿಲ್ಲುತ್ತಿರಲಿಲ್ಲ. ಬೇಸತ್ತವರು ಅಪ್‌ಡೇಟನ್ನೇ ಬಂದ್ ಮಾಡಿಟ್ಟರು. ತೇಪೆಯೂ ಅದರ ಜೊತೆಗೇ ನಿಂತಿತು.

2017ರ ಮಾರ್ಚ್ 14ರಂದು ಬಂದ ತೇಪೆಗೆ ‘ನಿರ್ಣಾಯಕ’ ಎಂಬ ಹಣೆಪಟ್ಟಿ ಇತ್ತು. ಹಾಕಿಕೊಳ್ಳದ ಯಂತ್ರಗಳನ್ನು ಮೇ 12ರಂದು ವಾನಾಕ್ರೈ ಹಿಡಿಯಿತು. ಆಂಧ್ರದ ಪೊಲೀಸ್ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಜೂನ್ 27ರಂದು ನಾಟ್‌ಪೆಟ್ಯಾ ಅದೇ ತೂತನ್ನು ಬಳಸಿತು. ಮೇರ್ಸ್ಕ್ ಕಂಪನಿಯ ಜಾಲ ಬಿದ್ದಾಗ ನಾಸಿಕದ ದ್ರಾಕ್ಷಿ, ಈರುಳ್ಳಿ ಹಡಗು ಹತ್ತುವ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದರ ಗುಂಪು ನಡೆಸುತ್ತಿದ್ದ ಟರ್ಮಿನಲ್ಲಿನ ಕಂಪ್ಯೂಟರುಗಳೂ ನಿಂತವು. ನಾಟ್‌ಪೆಟ್ಯಾ ಮೊದಲು ಹೊರಟದ್ದು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕ! ಒಳಹೊಕ್ಕ ಮೇಲೆ ಕದ್ದ ಪಾಸ್‌ವರ್ಡ್ ಬಳಸಿ ತೇಪೆ ಹಾಕಿದ್ದ ಯಂತ್ರಗಳಿಗೂ ಹರಡಿತು. ಆದ್ದರಿಂದ ‘ಬಂದದ್ದೆಲ್ಲ ಹಾಕಿಕೊಳ್ಳಿ’ ಎಂಬ ಉಪದೇಶ ಸಾಲದು.

ಡೆಬಿಯನ್ ಮೊದಲಾದ ಲಿನಕ್ಸ್‌ಗಳು ಭದ್ರತೆಯ ತೇಪೆಗೆ ಬೇರೆಯದೇ ಭಂಡಾರ ಇಟ್ಟಿವೆ. ಉಬುಂಟು 16.04ರಿಂದ ಡೆಸ್ಕ್‌ಟಾಪಿನಲ್ಲಿ ಅಂಥವನ್ನು ಮಾತ್ರ ಕೇಳದೆಯೇ ಹಾಕುವ ಏರ್ಪಾಡು ಬಂತು. 2023ರ ಮೇಯಲ್ಲಿ ಆಪಲ್ ಕೂಡ ಹೊಸ ಸೌಲಭ್ಯಗಳಿಂದ ಬಿಡಿಸಿದ ಪುಟ್ಟ ಭದ್ರತಾ ತೇಪೆಗಳನ್ನು ಕಳಿಸತೊಡಗಿತು. ಮಾದರಿ ಇದೇ. ಭದ್ರತೆಯ ಸೂಚನೆ ಪ್ರತ್ಯೇಕವಾಗಿ, ಮೊದಲು ಬರಲಿ. ತೂತು ಯಾವುದು, ಅದನ್ನು ಯಾರಾದರೂ ಈಗಾಗಲೇ ಬಳಸುತ್ತಿದ್ದಾರೆಯೇ, ಯಂತ್ರ ಮರಳಿ ಶುರುಮಾಡಬೇಕೇ ಎಂಬುದನ್ನು ಓದುವವರ ಭಾಷೆಯಲ್ಲಿ ಹೇಳಲಿ. ಹೊಸ ಐಕಾನು, ಹೊಸ ಬಣ್ಣ ಬೇರೆ ದಿನ ಬಂದರೆ ಯಾರೂ ಅಳುವುದಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ತೇಪೆಗಳ ಸಾಮಾನ್ಯ ಅವಧಿಯೂ ಮುಗಿಯಿತು. ಆ ಯಂತ್ರಗಳ ಪರದೆಯ ಮೇಲೆ ಈ ಎಚ್ಚರಿಕೆಯೂ ವಿಂಡೋಸ್ 11ರ ಆಹ್ವಾನವೂ ಒಟ್ಟಿಗೇ ಬಂದವು.