‘ನೀವು’ ಎಂದರೆ ಮುನಿಯುವ ಜಪಾನ್

ಟೋಕಿಯೊದ ಕಚೇರಿಯೊಂದಕ್ಕೆ ಫೋನ್ ಬರುತ್ತದೆ ಎಂದುಕೊಳ್ಳಿ. ‘ತನಾಕಾ ಅವರಿದ್ದಾರೆಯೇ?’ ತನಾಕಾ ಅಲ್ಲಿನ ಹಿರಿಯ ಅಧಿಕಾರಿ. ಆದರೂ ಕೆಲಸಕ್ಕೆ ಸೇರಿ ವಾರವಷ್ಟೇ ಆದ ಹುಡುಗಿ ‘ತನಾಕಾ ಇಲ್ಲ’ ಎಂದೇ ಉತ್ತರಿಸಬೇಕು. ‘ತನಾಕಾ ಸಾನ್’ ಎಂದರೆ ತಪ್ಪು! ಹೊರಗಿನವರೊಡನೆ ಮಾತನಾಡುವಾಗ ಅಧಿಕಾರಿಯೂ ‘ನಮ್ಮವನು’. ನಮ್ಮವರನ್ನು ತಗ್ಗಿಸಿಯೇ ಹೇಳಬೇಕು.

ಈ ಗೌರವದ ಭಾಷೆಯೇ ‘ಕೇಗೊ’. ಕನ್ನಡದಲ್ಲಿ ಹೆಚ್ಚಾಗಿ ಕ್ರಿಯಾಪದದ ಕೊನೆ ಬದಲಾದರೆ ಸಾಕು. ಅಲ್ಲಿ ಎಷ್ಟೋ ಕಡೆ ಕ್ರಿಯಾಪದವೇ ಬೇರೆ. ತಿನ್ನುವುದು ‘ತಾಬೆರು’. ಹಿರಿಯರು ತಿಂದರೆ ‘ಮೆಶಿಯಾಗರು’, ಅವರೆದುರು ನಾನು ತಿಂದರೆ ‘ಇತಾದಾಕು’.

ಯುದ್ಧ ಮುಗಿಯುವವರೆಗೆ ಚಕ್ರವರ್ತಿಯ ಮುಖಕ್ಕೂ ಪ್ರತ್ಯೇಕ ಪದವಿತ್ತು: ‘ರ್‍ಯೂಗಾನ್’, ಅಂದರೆ ಡ್ರ್ಯಾಗನ್ ಮುಖ. ಸಾಮಾನ್ಯ ಮಾತಿನಲ್ಲೇ ಗೌರವ ತೋರಿದರೆ ಸಾಕೆಂದು ಅರಮನೆಯೂ ಪತ್ರಿಕೆಗಳೂ 1947ರಲ್ಲಿ ಒಪ್ಪಿಕೊಂಡವು. ಡ್ರ್ಯಾಗನ್ ಹೋಗಿ ಬರೀ ‘ಒಕಾಒ’, ಅಂದರೆ ಶ್ರೀಮುಖ, ಉಳಿಯಿತು.

1952ರ ಏಪ್ರಿಲ್‌ನಲ್ಲಿ ಸರ್ಕಾರದ ಭಾಷಾ ಮಂಡಳಿ ‘ಇನ್ನು ಮುಂದಿನ ಕೇಗೊ’ ಎಂಬ ಶಿಫಾರಸು ಹೊರತಂದಿತು. ಹಳೆಯ ಕೇಗೊ ಮೇಲು ಕೀಳಿನ ಮೇಲೆ ನಿಂತಿತ್ತು. ಹೊಸದು ಪರಸ್ಪರ ಗೌರವದ ಮೇಲೆ ನಿಲ್ಲಬೇಕು ಎಂಬುದು ಅದರ ಸಾರ. ಮೇಷ್ಟ್ರೂ ಮಕ್ಕಳೂ ಒಬ್ಬರಿಗೊಬ್ಬರು ‘ದೆಸು’, ‘ಮಸು’ ಸೇರಿಸಿ ಮರ್ಯಾದೆಯಿಂದ ಮಾತನಾಡಲಿ ಎಂದಿತು. ಶಿಕ್ಷಕಿಯರು ಕಂಡಕಂಡ ಪದಕ್ಕೆಲ್ಲ ಗೌರವದ ‘ಒ’ ಅಂಟಿಸುವುದನ್ನೂ ಆಕ್ಷೇಪಿಸಿತು. (ಪುರುಷರ ಮಾತಿನಲ್ಲಿ ದೋಷವೇ ಇರಲಿಲ್ಲವೋ ಏನೋ!) ಎದುರಿಗಿರುವವರು ಯಾರೇ ಆಗಲಿ, ‘ಅನಾತಾ’ ಎಂಬ ಒಂದೇ ‘ನೀವು’ ಮಾದರಿಯಾಗಲಿ ಎಂದಿತು.

ಪ್ರಜಾಪ್ರಭುತ್ವದ ಹುರುಪಿನ ಈ ‘ನೀವು’ ಸೋತುಹೋಯಿತು. ಇಂದಿಗೂ ಮೇಲಧಿಕಾರಿಯನ್ನೋ ಗುರುವನ್ನೋ ‘ಅನಾತಾ’ ಎಂದರೆ ಅವರ ಹುಬ್ಬು ಗಂಟಿಕ್ಕುತ್ತದೆ. ‘ವಿಭಾಗ ಮುಖ್ಯಸ್ಥರೇ’, ‘ಸೆನ್ಸೇ’ ಎಂದು ಹುದ್ದೆ ಹಿಡಿದೇ ಕರೆಯಬೇಕು. ಮಂಡಳಿ ಸರ್ವನಾಮವನ್ನು ಸೂಚಿಸಬಹುದಿತ್ತು, ಹುದ್ದೆಗಳ ಏಣಿಯನ್ನು ಕೆಳಗಿಳಿಸುವುದು ಅದರ ಕೈಯಲ್ಲಿರಲಿಲ್ಲ.

ಶಾಲೆಯಲ್ಲಿ ಕೇಗೊವಿನ ಮೂರು ಬಗೆ ಕಲಿತರೂ, ನಿಜವಾದ ಪಾಠ ಶುರುವಾಗುವುದು ಕೆಲಸ ಸಿಕ್ಕ ಮೇಲೆ. ಏಪ್ರಿಲ್‌ನಲ್ಲಿ ಸೇರುವ ಹೊಸಬರಿಗೆ ಕಂಪೆನಿಗಳೇ ನಮಸ್ಕರಿಸುವುದನ್ನು, ಫೋನ್ ಎತ್ತುವುದನ್ನು ಅಭ್ಯಾಸ ಮಾಡಿಸುತ್ತವೆ. 2007ರಲ್ಲಿ ಸಂಸ್ಕೃತಿ ಮಂಡಳಿ ಹೊಸ ಮಾರ್ಗದರ್ಶಿ ತಂದಾಗ ಮೂರು ಬಗೆಗಳು ಐದಾದವು! ಅದರಲ್ಲಿ ಪ್ರಶ್ನೋತ್ತರಗಳೂ ಇವೆ. ‘ನಿಮಗೂ ಕಾಫಿ ಕುಡಿಯುವ ಆಸೆಯಿದೆಯೇ?’ ಎಂದು ಗೌರವದ ಕ್ರಿಯಾಪದ ಬಳಸಿಯೇ ಮೇಲಧಿಕಾರಿಯನ್ನು ಕೇಳಬಹುದೇ? ಕೂಡದು. ವ್ಯಾಕರಣ ಸರಿಯಿದ್ದರೂ ಹಿರಿಯರ ಆಸೆಯನ್ನು ನೇರವಾಗಿ ಕೆದಕಬಾರದು. ‘ಕಾಫಿ ಕುಡಿಯುತ್ತೀರಾ?’ ಎಂದಷ್ಟೇ ಕೇಳಬೇಕು.