ಕಡಲೆಕಾಳಿನಷ್ಟು ಮೈಕಿನ ಚರಿತ್ರೆ

ಎಂಬತ್ತರ ದಶಕದಲ್ಲಿ ಕಾಪು, ಉಚ್ಚಿಲ, ಕಾರ್ಕಳದ ಕಡೆಯ ಎಷ್ಟೋ ಮನೆಗಳಲ್ಲಿ ಗಲ್ಫಿನಿಂದ ಬಂದ ಟೇಪ್ ರೆಕಾರ್ಡರ್ ಇರುತ್ತಿತ್ತು. ಹಾಡು ಕೇಳಿಸುವುದಕ್ಕಿಂತ ಹೆಚ್ಚಾಗಿ ಅದು ಅಂಚೆಯ ಕೆಲಸ ಮಾಡುತ್ತಿತ್ತು. ಅಕ್ಷರ ಬಾರದ ತಾಯಂದಿರು ಮನೆಯ ಸುದ್ದಿಯನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿಸಿ, ರಜೆ ಮುಗಿಸಿ ಹೊರಟವರ ಕೈಯಲ್ಲಿ ಮಗನಿಗೆ ಕಳುಹಿಸುತ್ತಿದ್ದರು. ನನ್ನ ಉಮ್ಮ ಯಂತ್ರಕ್ಕೆ ಬಾಯಿ ತಾಗಿಸಿ ಕೂಗುತ್ತಿದ್ದರು. "ಅಷ್ಟು ಹತ್ತಿರ ಬೇಡ ಉಮ್ಮ, ಅಲ್ಲಿಂದಲೇ ಮಾತಾಡಿ, ಅದಕ್ಕೆ ಕೇಳುತ್ತದೆ" ಎಂದು ಅಣ್ಣ ಹೇಳಿದರೂ ನಂಬುತ್ತಿರಲಿಲ್ಲ. ಕಣ್ಣಿಗೆ ಕಾಣುವ ಮೈಕೇ ಇಲ್ಲದ ಪೆಟ್ಟಿಗೆಗೆ ಕಿವಿ ಎಲ್ಲಿಯದು?

ಆ ಯಂತ್ರ ಕೆಟ್ಟ ಮೇಲೆ ಬಿಚ್ಚಿ ನೋಡಿದೆ. ಮೂಲೆಯಲ್ಲಿದ್ದ ಸಣ್ಣ ರಂಧ್ರಗಳ ಹಿಂದೆ ಕಡಲೆಕಾಳಿನಷ್ಟು ದೊಡ್ಡ ಒಂದು ಲೋಹದ ಡಬ್ಬಿ, ಅದಕ್ಕೆ ಎರಡು ತಂತಿ. ಅದರ ಹೆಸರು ಇಲೆಕ್ಟ್ರೆಟ್ ಕ್ಯಾಪ್ಸೂಲ್. ಅದು ನಮ್ಮ ಮನೆಗೆ ಬಂದು ಸೇರಿದ ದಾರಿ ಬಹಳ ಉದ್ದದ್ದು.

1916ರಲ್ಲಿ ಅಮೆರಿಕದ ಇ.ಸಿ. ವೆಂಟ್ ಕಂಡೆನ್ಸರ್ ಮೈಕ್ರೊಫೋನ್ ರಚಿಸಿದರು. ಒಂದು ಲೋಹದ ತಟ್ಟೆ, ಅದರ ಮುಂದೆ ಕೂದಲೆಳೆಯಷ್ಟು ಅಂತರದಲ್ಲಿ ಬಿಗಿದ ತೆಳು ಪರದೆ. ಶಬ್ದ ತಾಗಿದಾಗ ಪರದೆ ಅಲುಗುತ್ತದೆ, ಅಂತರ ಬದಲಾಗುತ್ತದೆ, ಅದರಂತೆ ವೋಲ್ಟೇಜ್ ಏರಿಳಿಯುತ್ತದೆ. ಧ್ವನಿಯನ್ನು ಬಣ್ಣ ಹಚ್ಚದೆ ಹಿಡಿಯುವ ಸಾಧನವೇನೋ ಸಿಕ್ಕಿತು. ಆದರೆ ಆ ತಟ್ಟೆಗೆ ಸದಾ ನೂರಾರು ವೋಲ್ಟ್ ವಿದ್ಯುತ್ ಕೊಡುತ್ತಲೇ ಇರಬೇಕಿತ್ತು. ಅದು ಪ್ರಯೋಗಾಲಯದ, ಸ್ಟುಡಿಯೋದ ಸ್ವತ್ತಾಗಿಯೇ ಉಳಿಯಿತು.

ಅಯಸ್ಕಾಂತದಲ್ಲಿ ಕಾಂತಶಕ್ತಿ ನಿಂತಂತೆ ಒಂದು ವಸ್ತುವಿನಲ್ಲಿ ವಿದ್ಯುತ್ತು ಶಾಶ್ವತವಾಗಿ ನಿಲ್ಲುವುದಾದರೆ? ಅಂಥ ವಸ್ತುವಿಗೆ 'ಇಲೆಕ್ಟ್ರೆಟ್' ಎಂದು 1885ರಲ್ಲೇ ಹೆಸರಿಟ್ಟವರು ಆಲಿವರ್ ಹೆವಿಸೈಡ್. ಅದನ್ನು ಮಾಡಿ ತೋರಿಸಿದವರು ಜಪಾನಿನ ಮೊಟೊಟಾರೊ ಎಗುಚಿ, 1919ರ ಸುಮಾರಿಗೆ. ಕಾರ್ನೌಬಾ ಮೇಣ ಮತ್ತು ರಾಳವನ್ನು ಕರಗಿಸಿ, ಬಲವಾದ ವಿದ್ಯುತ್ ಕ್ಷೇತ್ರದಲ್ಲಿ ಇಟ್ಟು ಆರಿಸಿದಾಗ ಆ ಗಟ್ಟಿಯಲ್ಲಿ ವಿದ್ಯುತ್ತು ಹೆಪ್ಪುಗಟ್ಟಿ ಉಳಿಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನೀ ಸೈನ್ಯದ ಟೆಲಿಫೋನುಗಳಲ್ಲಿ ಮೇಣದ ಮೈಕುಗಳಿದ್ದವು. ಆದರೆ ಮೇಣ ತೇವಕ್ಕೆ, ಸೆಕೆಗೆ ತಡೆಯಲಿಲ್ಲ. ನಮ್ಮ ಆಷಾಢದಲ್ಲಿ ಅದರ ಗತಿ ಏನಾಗುತ್ತಿತ್ತೆಂದು ಊಹಿಸಬಹುದು. ಆಗ ಬಳಕೆಯಲ್ಲಿದ್ದ ಕ್ರಿಸ್ಟಲ್ ಮೈಕುಗಳದ್ದೂ ಇದೇ ಪಾಡು. ಅದರೊಳಗಿನ ರೊಶೆಲ್ ಲವಣ ನೀರಿನಲ್ಲಿ ಕರಗುವ ವಸ್ತು.

ಬಿಡಿಸಲಾಗದ ಈ ಗಂಟನ್ನು 1962ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಬಿಡಿಸಿದವರು ಇಬ್ಬರು. ಒಬ್ಬರು ಜರ್ಮನಿಯಿಂದ ಬಂದ ಗೆರ್ಹಾರ್ಡ್ ಸೆಸ್ಲರ್, ಇನ್ನೊಬ್ಬರು ಜೇಮ್ಸ್ ವೆಸ್ಟ್. ವೆಸ್ಟ್ ಅವರ ಬಗ್ಗೆ ವಿದ್ಯಾರ್ಥಿಗಳು ತಿಳಿಯಲೇಬೇಕು. 1931ರಲ್ಲಿ ವರ್ಜೀನಿಯಾದಲ್ಲಿ, ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಶಾಲೆಗಳಿದ್ದ ಕಾಲದಲ್ಲಿ ಹುಟ್ಟಿದ ಕರಿಯ ಬಾಲಕ ಅವರು. ಮಗ ಡಾಕ್ಟರಾಗಲಿ ಎಂಬುದು ಮನೆಯವರ ಆಸೆ. ಭೌತಶಾಸ್ತ್ರ ಓದಿದ ಕರಿಯನಿಗೆ ಕೆಲಸ ಕೊಡುವವರು ಯಾರು ಎಂಬ ಭಯ ಅವರಿಗೆ. ನಮ್ಮ ಮನೆಗಳಲ್ಲೂ ಕೇಳಿಬರುವ ಮಾತೇ ಇದು. ವೆಸ್ಟ್ ಭೌತಶಾಸ್ತ್ರವನ್ನೇ ಓದಿದರು. ಮನುಷ್ಯನ ಶ್ರವಣಶಕ್ತಿಯನ್ನು ಪರೀಕ್ಷಿಸುವ ಪ್ರಯೋಗಕ್ಕೆ ಹೆಡ್‌ಫೋನ್ ಸಿದ್ಧಪಡಿಸುವಾಗ, ಬ್ಯಾಟರಿ ತೆಗೆದ ಮೇಲೂ ಅದರ ಪ್ಲಾಸ್ಟಿಕ್ ಹಾಳೆಯಲ್ಲಿ ವಿದ್ಯುತ್ತು ಉಳಿದಿರುವುದು ಅವರ ಗಮನಕ್ಕೆ ಬಂತು. ಇತರರು ದೋಷವೆಂದು ಬಿಡಬಹುದಾಗಿದ್ದುದನ್ನು ಅವರು ಬಿಡಲಿಲ್ಲ. ಮೇಣದ ಬದಲು ಟೆಫ್ಲಾನ್ ಹಾಳೆ ಬಂತು. ಪೇಟೆಂಟ್ 1964ರಲ್ಲಿ ದೊರೆಯಿತು. 1968ರಲ್ಲಿ ಜಪಾನಿನ ಸೋನಿ ದೊಡ್ಡ ಪ್ರಮಾಣದ ಉತ್ಪಾದನೆ ಆರಂಭಿಸಿತು. ಅಲ್ಲಿಂದ ಟೇಪ್ ರೆಕಾರ್ಡರುಗಳಿಗೆ, ಕೊಲ್ಲಿಯ ಅಂಗಡಿಗಳಿಗೆ, ನಮ್ಮ ಜಗಲಿಗೆ.

ಈ ಕ್ಯಾಪ್ಸೂಲನ್ನು ಅಳತೆಯ ಮೈಕ್ ಮಾಡಬಹುದೆಂದು ಗೊತ್ತಾದದ್ದು ನಾನು ಅಧ್ಯಾಪಕನಾದ ಮೇಲೆ. ಶಬ್ದ ಅಳೆಯುವ ಮೈಕ್ ಎಂದರೆ ಡೆನ್ಮಾರ್ಕಿನ ಬ್ರುಯೆಲ್ ಅಂಡ್ ಕ್ಯಾರ್ ಕಂಪೆನಿಯ ಹೆಸರು ಮೊದಲು ಬರುತ್ತದೆ. ಹೈಸ್ಕೂಲಿನ ಕಪಾಟಿಗೆ ಎಟುಕುವ ಬೆಲೆ ಅದರದ್ದಲ್ಲ. ಹವ್ಯಾಸಿಗಳು ಕಂಡುಕೊಂಡ ಬದಲಿ ಪ್ಯಾನಾಸೋನಿಕ್‌ನ ಡಬ್ಲ್ಯುಎಂ-61ಎ. ಕೇವಲ 6 ಮಿಲಿಮೀಟರ್ ಅಗಲ, ಸುತ್ತಲಿನ ಶಬ್ದವನ್ನು ಒಂದೇ ಸಮನಾಗಿ ಹಿಡಿಯುವ ಗುಣ. ಅದರ ತಯಾರಿಕೆ ನಿಂತುಹೋಗಿದೆ, ಅದೇ ಗಾತ್ರದ ಬೇರೆಯವು ಸಿಗುತ್ತವೆ.

ಗಾತ್ರವೇ ಇದರ ಗುಟ್ಟು. ಸೆಕೆಂಡಿಗೆ 10,000 ಕಂಪನದ ಶಬ್ದದ ಅಲೆಯ ಉದ್ದ ಸುಮಾರು 3.4 ಸೆಂಟಿಮೀಟರ್. ಮೈಕ್ ಅದಕ್ಕಿಂತ ತೀರಾ ಚಿಕ್ಕದಿದ್ದರೆ ಅಲೆ ಕೆಡುವುದಿಲ್ಲ. ಹಾಗಾಗಿ ಡಬ್ಬದಲ್ಲಿ ಕೂರಿಸಬಾರದು, ಸಪೂರ ಕೊಳವೆಯ ತುದಿಯಲ್ಲಿ ಕೂರಿಸಬೇಕು. ನಾವು ಬಳಸಿದ್ದು ಮುರಿದ ಕೊಡೆಯ ಟೊಳ್ಳು ಕೋಲು! 9 ವೋಲ್ಟಿನ ಬ್ಯಾಟರಿ, ಅದರಿಂದ 10 ಕಿಲೋ ಓಮ್ ರೆಸಿಸ್ಟರ್ ಮೂಲಕ ಕ್ಯಾಪ್ಸೂಲಿಗೆ ವಿದ್ಯುತ್ತು, ಅದೇ ತುದಿಯಿಂದ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ದಾಟಿ ಕಂಪ್ಯೂಟರಿಗೆ ಧ್ವನಿ. ಲೋಹದ ಹೊರಕವಚಕ್ಕೆ ಅಂಟಿದ ತುದಿ ಬ್ಯಾಟರಿಯ ಋಣಕ್ಕೆ. ಈ ಬ್ಯಾಟರಿ ಪರದೆಗಲ್ಲ, ಒಳಗೆ ಕುಳಿತ ಪುಟ್ಟ ಟ್ರಾನ್ಸಿಸ್ಟರಿಗೆ. ಬೆಸುಗೆಯನ್ನು ಮಾತ್ರ ಕ್ಷಣದಲ್ಲಿ ಮುಗಿಸಬೇಕು. ಕಾವು ಹೆಚ್ಚಾದರೆ ಹೆಪ್ಪುಗಟ್ಟಿದ ವಿದ್ಯುತ್ತು ಹೋಗುತ್ತದೆ. ನಾವು ಎರಡನ್ನು ಹಾಗೆಯೇ ಕಳೆದುಕೊಂಡೆವು.

ಮೂರನೆಯದು ಕೆಲಸ ಮಾಡಿತು. ಖಾಲಿ ಕೋಣೆಯಲ್ಲಿ 112 ಡೆಸಿಬೆಲ್ ತೋರಿಸಿತು! ಹುಡುಗರಿಗೆ ನಗು. ತಪ್ಪು ಮೈಕಿನದ್ದಲ್ಲ, ನಮ್ಮದು. ಗುರುತು ಹಾಕದ ಕೋಲು ಅಳತೆಗೋಲಾಗುವುದಿಲ್ಲ. 1 ಪ್ಯಾಸ್ಕಲ್ ಒತ್ತಡವೆಂದರೆ 94 ಡೆಸಿಬೆಲ್. ಆ ಗುರುತು ಹಾಕಲು ಪರಿಚಯದವರೊಬ್ಬರಿಂದ ಮೀಟರ್ ಎರವಲು ತಂದು, ಎರಡನ್ನೂ ಅಕ್ಕಪಕ್ಕ ಇಟ್ಟು, 1,000 ಕಂಪನದ ಸ್ವರ ನುಡಿಸಿ ಲೆಕ್ಕ ಸರಿಹೊಂದಿಸಿದೆವು.

ಬಳಿಕ ತರಗತಿಯನ್ನೇ ಅಳೆದೆವು. ನನ್ನ ಧ್ವನಿ ಮೊದಲ ಬೆಂಚಿಗಿಂತ ಕೊನೆಯ ಬೆಂಚಿನಲ್ಲಿ 9 ಡೆಸಿಬೆಲ್ ಕಡಿಮೆ. ಜುಲೈಯ ಮಳೆ ತಗಡಿನ ಮಾಡಿಗೆ ಹೊಡೆಯುವಾಗ ಅಲ್ಲಿ ಪಾಠಕ್ಕಿಂತ ಮಳೆಯ ಶಬ್ದವೇ ಹೆಚ್ಚು. ಆ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ದಡ್ಡ ಎಂದು ನಾವು ಅಧ್ಯಾಪಕರೆಲ್ಲ ತೀರ್ಮಾನಿಸಿದ್ದೆವು. ನಾನೂ ಸೇರಿದ್ದೆ. ಅಂಕಿಗಳನ್ನು ನೋಡಿದ ದಿನ ಅವನನ್ನು ಮುಂದೆ ಕೂರಿಸಿದೆ. ಆಗಲೂ ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ತಂದೆಯನ್ನು ಕರೆಸಿ ಮಾತಾಡಿದೆ, ಮಣಿಪಾಲದಲ್ಲಿ ಶ್ರವಣ ಪರೀಕ್ಷೆಯಾಯಿತು. ಎರಡೂ ಕಿವಿಗಳಲ್ಲಿ ದೋಷವಿತ್ತು.

ಅವನಿಗೆ ಕೊಟ್ಟ ಶ್ರವಣ ಸಾಧನದ ಒಳಗಿದ್ದದ್ದೂ ಅದೇ ಜಾತಿಯ ಮೈಕ್, ಇನ್ನೂ ಚಿಕ್ಕದು. ಮೊದಲ ದಿನ ಅದನ್ನು ಹಾಕಿಕೊಂಡು ಬಂದವನು, ಮಳೆ ಇಷ್ಟು ಗಲಾಟೆ ಮಾಡುತ್ತದಾ ಸರ್ ಎಂದು ಕೇಳಿದ.