ಮಳೆಗಾಲದ ನಂತರ ಕಾರಿನ ಪರಿಶೀಲನೆ: ವಾಹನ ಮಾಲೀಕರಿಗೆ ಮಾಹಿತಿ

ರಾಜ್ಯದ ಕರಾವಳಿ ಹಾಗೂ ಮಲೆನಾಡು ಜಿಲ್ಲೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಅಂತ್ಯದವರೆಗೆ ನೈಋತ್ಯ ಮುಂಗಾರಿನ ಅವಧಿ. ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರಿಗೂ ಅಧಿಕ. ಈ ನಾಲ್ಕು ತಿಂಗಳು ನೀರು, ಕೆಸರು ಮತ್ತು ಗುಂಡಿ ಬಿದ್ದ ರಸ್ತೆಗಳಲ್ಲಿ ಸಂಚರಿಸಿದ ಕಾರಿಗೆ ಆಗುವ ಹಾನಿಯ ಬಹುಪಾಲು ಕಣ್ಣಿಗೆ ಬೀಳದ ಕೆಳಭಾಗದಲ್ಲಿರುತ್ತದೆ. ಅದು ಬೆಳಕಿಗೆ ಬರುವುದು ಘಟ್ಟ ಇಳಿಯುವಾಗ, ಇಲ್ಲವೇ ನೋಂದಣಿ ನವೀಕರಣಕ್ಕಾಗಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಿದಾಗ. ಆದುದರಿಂದ ಮಳೆ ನಿಂತ ಕೂಡಲೇ ಮಾಲೀಕರು ಕೈಗೊಳ್ಳಬೇಕಾದ ಪರಿಶೀಲನೆಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

ತೊಳೆಯುವ ವಿಧಾನ

ಆಯುಧಪೂಜೆಯಂದು ವಾಹನಗಳನ್ನು ತೊಳೆದು ಪೂಜಿಸುವುದು ನಾಡಿನ ಪದ್ಧತಿ. ಮಳೆಗಾಲ ಮುಗಿಯುವ ವೇಳೆಗೇ ಈ ಹಬ್ಬ ಬರುವುದರಿಂದ ಪರಿಶೀಲನೆಗೆ ಇದಕ್ಕಿಂತ ಸೂಕ್ತ ಸಮಯವಿಲ್ಲ. ಆದರೆ ಸಾಮಾನ್ಯವಾಗಿ ತೊಳೆಯಲ್ಪಡುವುದು ಮೇಲ್ಮೈ ಮಾತ್ರ. ಚಕ್ರಗಳ ಮೇಲಿನ ಮಡ್‌ಗಾರ್ಡಿನ ಒಳಬದಿ, ಬಾಗಿಲುಗಳ ಕೆಳಅಂಚು ಮತ್ತು ಕಾರಿನ ತಳಭಾಗದಲ್ಲಿ ಅಂಟಿರುವ ಕೆಸರು ತೇವವನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕು ಆರಂಭವಾಗುವುದು ಅಲ್ಲಿಯೇ. ಕರಾವಳಿಯಲ್ಲಿ ಗಾಳಿಯ ಉಪ್ಪಿನಂಶವೂ ಸೇರಿ ಈ ಕ್ರಿಯೆ ಇನ್ನಷ್ಟು ವೇಗವಾಗುತ್ತದೆ. ಸರ್ವೀಸ್ ಕೇಂದ್ರದಲ್ಲಿ ಕಾರನ್ನು ಮೇಲಕ್ಕೆತ್ತಿಸಿ ತಳಭಾಗವನ್ನು ಒತ್ತಡದ ನೀರಿನಿಂದ ತೊಳೆಸುವುದು ಸೂಕ್ತ. ಎಂಜಿನ್ ಭಾಗಕ್ಕೆ ಇದೇ ರೀತಿ ನೀರು ಹಾಯಿಸಬಾರದು. ವಿದ್ಯುತ್ ಜೋಡಣೆಗಳಿಗೆ ಹಾನಿಯಾಗುತ್ತದೆ.

ಬಾಗಿಲುಗಳ ಕೆಳಗೆ ನೀರು ಹರಿದುಹೋಗಲೆಂದು ಸಣ್ಣ ರಂಧ್ರಗಳಿರುತ್ತವೆ. ಅವು ಕೆಸರಿನಿಂದ ಮುಚ್ಚಿಹೋದರೆ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಮುಂಭಾಗದ ಗಾಜಿನ ಬುಡದಲ್ಲಿ ಸೇರಿಕೊಂಡ ಎಲೆ, ಕಸಗಳನ್ನು ತೆಗೆಯಬೇಕು. ಕಾಲಡಿಯ ಮ್ಯಾಟ್ ಎತ್ತಿ, ಕೆಳಗಿನ ಹಾಸು ಒದ್ದೆಯಿದ್ದಲ್ಲಿ ಬಾಗಿಲು ತೆರೆದಿಟ್ಟು ಬಿಸಿಲಿಗೆ ಒಣಗಿಸಬೇಕು.

ಪೂಜೆಗೆ ಕಟ್ಟಿದ ಬಾಳೆಕಂದು ಮತ್ತು ಹೂವಿನ ಹಾರಗಳು ನೋಂದಣಿ ಫಲಕವನ್ನೂ ದೀಪಗಳನ್ನೂ ಮರೆಮಾಡುವಂತಿರಬಾರದು. ಹಬ್ಬ ಕಳೆದು ವಾರವಾದರೂ ಒಣಗಿದ ಬಾಳೆಕಂದಿನೊಂದಿಗೆ ಸಂಚರಿಸುವ ವಾಹನಗಳು ಇಂದಿಗೂ ಅಪರೂಪವೇನಲ್ಲ.

ಬ್ರೇಕ್: ಪ್ರಥಮ ಆದ್ಯತೆ

ಶಿರಾಡಿ, ಚಾರ್ಮಾಡಿ, ಆಗುಂಬೆ ಮೊದಲಾದ ಘಟ್ಟಗಳಲ್ಲಿ ಸಂಚರಿಸುವವರು ಬೇರೆಲ್ಲ ಕೆಲಸಗಳಿಗಿಂತ ಮೊದಲು ಬ್ರೇಕ್ ಪರೀಕ್ಷಿಸತಕ್ಕದ್ದು. ಪ್ಯಾಡ್‌ಗಳ ಸವೆತವನ್ನು ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ನೋಡಿಯೇ ನೋಡುತ್ತಾರೆ. ಕಡೆಗಣಿಸಲ್ಪಡುವುದು ಬ್ರೇಕ್ ಆಯಿಲ್.

ಬ್ರೇಕ್ ಆಯಿಲ್ ಎಂದು ಕರೆಯಲ್ಪಡುವ ದ್ರವವು ಗಾಳಿಯಲ್ಲಿನ ತೇವಾಂಶವನ್ನು ತನ್ನೊಳಗೆ ಎಳೆದುಕೊಳ್ಳುವ ಗುಣ ಹೊಂದಿದೆ. ನೀರಿನಂಶ ಹೆಚ್ಚಿದಂತೆ ಅದರ ಕುದಿಯುವ ಬಿಂದು ಕುಸಿಯುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್. ನಿಗದಿತ ಪ್ರಮಾಣದ ನೀರು ಸೇರಿದ ಸ್ಥಿತಿಯಲ್ಲಿ ಅದರ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಡಾಟ್ 4 ದರ್ಜೆಗೆ ಈ ಮಿತಿಗಳು ಕ್ರಮವಾಗಿ 230 ಮತ್ತು 155 ಡಿಗ್ರಿ. ಘಟ್ಟದ ಇಳಿಜಾರಿನಲ್ಲಿ ನಿರಂತರವಾಗಿ ಬ್ರೇಕ್ ಒತ್ತಿದಾಗ ಉಂಟಾಗುವ ಶಾಖವು ಹಳೆಯ ದ್ರವವನ್ನು ಕುದಿಸಿ ಕೊಳವೆಗಳಲ್ಲಿ ಆವಿಯ ಗುಳ್ಳೆಗಳನ್ನು ಉಂಟುಮಾಡಬಲ್ಲದು. ಗುಳ್ಳೆಗಳು ಒತ್ತಡಕ್ಕೆ ಕುಗ್ಗುವುದರಿಂದ ಪೆಡಲ್ ತಳದವರೆಗೂ ಇಳಿದರೂ ಬ್ರೇಕ್ ಹಿಡಿಯುವುದಿಲ್ಲ. ಸಮತಟ್ಟಾದ ನಗರ ರಸ್ತೆಯಲ್ಲಿ ಯಾವ ಲಕ್ಷಣವನ್ನೂ ತೋರದ ಕಾರು ತಿರುವುಗಳ ನಡುವೆ ಹೀಗೆ ಕೈಕೊಡುವ ಸಾಧ್ಯತೆಯಿದೆ.

ಆದುದರಿಂದ ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಅವಧಿಗೆ (ಅನೇಕ ಕಾರುಗಳಿಗೆ ಎರಡು ವರ್ಷ) ಬ್ರೇಕ್ ಆಯಿಲನ್ನು ಸಂಪೂರ್ಣವಾಗಿ ಬದಲಿಸಬೇಕು. ಕಡಿಮೆಯಾದಷ್ಟನ್ನು ತುಂಬಿಸಿದರೆ ಸಾಲದು; ಮಟ್ಟ ಸರಿಯಿದ್ದ ಮಾತ್ರಕ್ಕೆ ದ್ರವದ ಗುಣಮಟ್ಟ ಸರಿಯಿದೆ ಎಂದಾಗುವುದಿಲ್ಲ. ಎಷ್ಟೋ ತಿಂಗಳ ಹಿಂದೆ ತೆರೆದಿಟ್ಟ ಡಬ್ಬಿಯ ಆಯಿಲನ್ನು ಬಳಸಲು ಒಪ್ಪಬಾರದು. ಇಳಿಜಾರಿನಲ್ಲಿ ಏರುವಾಗ ಬಳಸುವ ಗೇರಿನಲ್ಲಿಯೇ ಇಳಿಯುವುದರಿಂದ ಬ್ರೇಕಿನ ಮೇಲಿನ ಹೊರೆ ತಗ್ಗುತ್ತದೆ. ಇಂಧನ ಉಳಿತಾಯಕ್ಕಾಗಿ ನ್ಯೂಟ್ರಲ್‌ನಲ್ಲಿ ಇಳಿಯುವುದು ಅತ್ಯಂತ ಅಪಾಯಕಾರಿ.

ರಾತ್ರಿ ಮಳೆಯಲ್ಲಿ ನಿಂತ ಕಾರಿನ ಬ್ರೇಕ್ ಡಿಸ್ಕ್ ಮೇಲೆ ಕಾಣುವ ತೆಳು ಕಂದುಬಣ್ಣದ ತುಕ್ಕಿನ ಬಗ್ಗೆ ಆತಂಕ ಬೇಕಿಲ್ಲ. ಕೆಲವು ಬಾರಿ ಬ್ರೇಕ್ ಒತ್ತಿದ ನಂತರ ಅದು ಅಳಿಸಿಹೋಗುತ್ತದೆ. ಆದರೆ ಒದ್ದೆಯಾದ ಕಾರನ್ನು ಹ್ಯಾಂಡ್‌ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಿದಲ್ಲಿ ಹಿಂದಿನ ಚಕ್ರಗಳು ಹಿಡಿದುಕೊಳ್ಳುವ ಸಂಭವವಿದೆ.

ಟೈರ್ ಮತ್ತು ಇತರ ಭಾಗಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 94ರಲ್ಲಿ ಟೈರುಗಳ ಸ್ಥಿತಿಯನ್ನು ವಿಧಿಸಲಾಗಿದ್ದು, ಸವೆತದ ಗುರುತಿನ ಮಟ್ಟಕ್ಕೆ ಬಂದ ಟೈರನ್ನು ಬಳಸುವಂತಿಲ್ಲ. ಟೈರಿನ ಗೀರುಗಳ ಒಳಗೆ ಅಡ್ಡಲಾಗಿರುವ ಸಣ್ಣ ಉಬ್ಬುಗಳೇ ಈ ಗುರುತು. ಗುಂಡಿಗಳಲ್ಲಿ ಬಿದ್ದ ಟೈರಿನ ಪಕ್ಕದ ಭಾಗದಲ್ಲಿ ಗುಳ್ಳೆಯಂತಹ ಉಬ್ಬು ಕಂಡುಬಂದರೆ ಒಳಗಿನ ದಾರದ ಪದರ ತುಂಡಾಗಿದೆ ಎಂದರ್ಥ. ಅಂತಹ ಟೈರನ್ನು ದುರಸ್ತಿ ಮಾಡಿಸದೆ ಬದಲಿಸಬೇಕು. ಸ್ಟೀರಿಂಗ್ ಒಂದು ಬದಿಗೆ ಎಳೆಯುತ್ತಿದ್ದಲ್ಲಿ ಚಕ್ರಗಳ ಅಲೈನ್‌ಮೆಂಟ್ ಮಾಡಿಸಬೇಕು.

ವೈಪರ್ ರಬ್ಬರನ್ನು ಕರಾವಳಿಯವರು ಈಗಲೇ ಬದಲಿಸಬೇಕಾದ ಅಗತ್ಯ ಸಾಮಾನ್ಯವಾಗಿ ಇಲ್ಲ. ಬೇಸಿಗೆಯ ಬಿಸಿಲಿಗೆ ಹೊಸ ರಬ್ಬರೂ ಗಡುಸಾಗುತ್ತದೆ. ಮೇ ಕೊನೆಯಲ್ಲಿ ಬದಲಿಸುವುದು ಲಾಭಕರ. ದಕ್ಷಿಣ ಒಳನಾಡಿನಲ್ಲಿ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಹಿಂಗಾರು ಮಳೆ ಇರುವುದರಿಂದ ಅಲ್ಲಿನವರಿಗೆ ಇದು ಅನ್ವಯಿಸುವುದಿಲ್ಲ. ಬ್ಯಾಟರಿ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಶುಚಿಗೊಳಿಸಬೇಕು. ಮಲೆನಾಡಿನ ಚಳಿಗಾಲದ ಮಂಜಿಗೆ ಮುನ್ನ ಎಲ್ಲ ದೀಪಗಳೂ ಉರಿಯುತ್ತಿವೆಯೇ ಎಂದು ನೋಡಿಕೊಳ್ಳಬೇಕು.

ನೀರಿನಲ್ಲಿ ಮುಳುಗಿದ್ದ ಕಾರುಗಳು

ನೆರೆ ನೀರಿನಲ್ಲಿ ನಿಂತಿದ್ದ ಕಾರನ್ನು ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬಾರದು. ಎಂಜಿನ್ ಸಿಲಿಂಡರಿಗೆ ನೀರು ಸೇರಿದ್ದಲ್ಲಿ, ನೀರು ಗಾಳಿಯಂತೆ ಕುಗ್ಗದ ಕಾರಣ, ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ವಾಹನವನ್ನು ಎಳೆಸಿಕೊಂಡು ಹೋಗಿ ಪರಿಶೀಲಿಸಬೇಕು. ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡರೆ ನೀರು ಸೇರಿದೆ ಎಂದು ತಿಳಿಯತಕ್ಕದ್ದು. ದುರಸ್ತಿಗೆ ಮುನ್ನವೇ ವಿಮಾ ಸಂಸ್ಥೆಗೆ ತಿಳಿಸಿ ಸರ್ವೇಯರ್ ತಪಾಸಣೆ ಮಾಡಿಸಬೇಕು. ಮೂರನೇ ವ್ಯಕ್ತಿಯ ವಿಮೆ ಮಾತ್ರ ಹೊಂದಿದವರಿಗೆ ಸ್ವಂತ ವಾಹನದ ಹಾನಿಗೆ ಪರಿಹಾರ ದೊರೆಯುವುದಿಲ್ಲ.

ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಮೋಟಾರು ವಾಹನ ಅಧಿನಿಯಮ, 1988ರ ಪ್ರಕರಣ 41ರಂತೆ ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಸಿಂಧುವಾಗಿದ್ದು, ನಂತರ ತಲಾ 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕು. ಅವಧಿ ಮುಕ್ತಾಯಕ್ಕೆ 60 ದಿನಗಳ ಒಳಗಾಗಿ, ಅಂದರೆ ಮುಕ್ತಾಯದ ಮುಂಚಿನ ಎರಡು ತಿಂಗಳಲ್ಲಿ, ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬಹುದು. ನವೀಕರಣಕ್ಕೆ ಮುನ್ನ ಮೋಟಾರು ವಾಹನ ನಿರೀಕ್ಷಕರು ವಾಹನವನ್ನು ಖುದ್ದು ತಪಾಸಣೆ ಮಾಡುತ್ತಾರೆ.

ಈ ಹಂತದಲ್ಲಿ ತೊಡಕಾಗುವ ಒಂದು ಅಂಶ ಚಾಸಿ ಸಂಖ್ಯೆ. ಲೋಹದ ಮೇಲೆ ಮುದ್ರಿತವಾದ ಈ ಸಂಖ್ಯೆ ನೋಂದಣಿ ಪತ್ರದಲ್ಲಿನ ಸಂಖ್ಯೆಯೊಂದಿಗೆ ತಾಳೆಯಾಗಬೇಕು. ತುಕ್ಕು ತಿಂದು ಅಂಕಿಗಳು ಓದಲಾಗದಿದ್ದರೆ, ಕಾರು ಬೇರೆಲ್ಲ ವಿಧದಲ್ಲಿ ಸುಸ್ಥಿತಿಯಲ್ಲಿದ್ದರೂ ಅರ್ಜಿ ಮುಂದೆ ಸಾಗುವುದಿಲ್ಲ. ಮಾಲೀಕರು ಪ್ರತಿ ಮಳೆಗಾಲದ ನಂತರ ಆ ಸ್ಥಳವನ್ನು ಬಟ್ಟೆಯಿಂದ ಒರೆಸಿ ತೆಳುವಾಗಿ ಗ್ರೀಸ್ ಹಚ್ಚುವುದು ಒಳ್ಳೆಯದು. ಮರಳು ಕಾಗದದಿಂದ ಉಜ್ಜಬಾರದು. ಅಂಕಿಗಳ ಮೇಲೆ ದಪ್ಪ ಬಣ್ಣ ಬಳಿಯಲೂಬಾರದು. ಸಂಖ್ಯೆ ಅಳಿಸಿದ್ದಲ್ಲಿ ಖಾಸಗಿಯಾಗಿ ಮರುಮುದ್ರಣ ಮಾಡಿಸದೆ, ನೋಂದಣಿ ಪ್ರಾಧಿಕಾರಕ್ಕೆ ಲಿಖಿತ ಮನವಿ ಸಲ್ಲಿಸಿ ಅನುಮತಿ ಪಡೆಯತಕ್ಕದ್ದು. ಅನುಮತಿಯಿಲ್ಲದೆ ತಿದ್ದಿದ ಸಂಖ್ಯೆಯ ವಾಹನ ಕಳವಿನ ಸಂಶಯಕ್ಕೆ ಗುರಿಯಾಗುತ್ತದೆ.

ಟ್ಯಾಕ್ಸಿ ಮೊದಲಾದ ಸಾರಿಗೆ ವಾಹನಗಳಿಗೆ ಸುಸ್ಥಿತಿ ಪ್ರಮಾಣ ಪತ್ರ ಪ್ರತ್ಯೇಕವಾಗಿ ಅಗತ್ಯ. ನೋಂದಣಿಯಾಗಿ ಒಂದು ವರ್ಷ ಕಳೆದ ಪೆಟ್ರೋಲ್, ಡೀಸೆಲ್ ಕಾರುಗಳೆಲ್ಲಕ್ಕೂ ಹೊಗೆ ತಪಾಸಣಾ ಪ್ರಮಾಣ ಪತ್ರ ಕಡ್ಡಾಯ. ಪತ್ರದಲ್ಲಿ ನಮೂದಿಸಿದ ದಿನಾಂಕಕ್ಕೆ ಮುನ್ನ ಮರುತಪಾಸಣೆ ಮಾಡಿಸಬೇಕು. ಮಳೆಯಲ್ಲಿ ತೊಯ್ದು ಅಕ್ಷರ ಅಳಿಸಿದ ಕಾಗದದ ಬದಲಿಗೆ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ನೋಂದಣಿ ಮತ್ತಿತರ ದಾಖಲೆಗಳನ್ನು ತೋರಿಸಬಹುದಾಗಿದೆ.